ರಾತ್ರಿ ಎರಡು ಗಂಟೆಗೆ ಫ್ರಿಜ್ ಎಷ್ಟು ತಣ್ಣಗಿತ್ತು? ಡೇಟಾ ಲಾಗರ್ ಬರೆದಿಡುವ ಲೆಕ್ಕ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಸುಲಭವಾಗಲಿ ಎಂದು ಅಲ್ಲಲ್ಲಿ ಚಿಕ್ಕ ತಿದ್ದುಪಡಿ ಮಾಡಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಕೈ ಬಿಡುವಾದಾಗ ಒಂದು ಕೆಲಸ ಮಾಡಿ. ಮೊಬೈಲ್‌ನಲ್ಲಿ ವೆದರ್ ಆ್ಯಪ್ ತೆಗೆದು ನೋಡಿ. 27 ಡಿಗ್ರಿ, 31 ಡಿಗ್ರಿ, ಹೀಗೆ ಏನೋ ಒಂದು ನಂಬರ್ ಕಾಣುತ್ತೆ. ಪಕ್ಕದಲ್ಲಿ ತೇವಾಂಶ ಶೇ 60 ಅಂತಲೂ ಇರಬಹುದು. ಆದರೆ ಅದು ನೀವು ಕೂತಿರುವ ಕೋಣೆಯ ಲೆಕ್ಕ ಅಲ್ಲ. ಎಲ್ಲೋ ದೂರದ ಹವಾಮಾನ ಕೇಂದ್ರದ ಅಳತೆ ಮತ್ತು ಕಂಪ್ಯೂಟರ್ ಹಾಕಿದ ಅಂದಾಜು ಎರಡೂ ಸೇರಿ ಬಂದ ನಂಬರ್ ಅದು.

ಕೊಡೆ ತಗೊಂಡು ಹೋಗಬೇಕಾ, ಬೇಡ್ವಾ ಅಂತ ತೀರ್ಮಾನ ಮಾಡೋಕೆ ನಮಗೆ ಅಷ್ಟು ಸಾಕು. ಆದರೆ ಮಕ್ಕಳ ಲಸಿಕೆ ಇಟ್ಟಿರುವ ಫ್ರಿಜ್‌ಗೆ ಅಷ್ಟು ಸಾಲದು. ರೇಷ್ಮೆ ಹುಳು ಸಾಕುವ ಮನೆಗೂ ಸಾಲದು. ಅಲ್ಲಿ ಎರಡು ಮೂರು ಡಿಗ್ರಿ ಆಚೀಚೆ ಆದ್ರೆ ನಷ್ಟ ಆಗುತ್ತೆ. ಕೆಲವು ಸಲ ಆ ನಷ್ಟ ಕಣ್ಣಿಗೆ ಕಾಣೋದೇ ಇಲ್ಲ.

ಇಂಥ ಜಾಗಗಳಲ್ಲಿ ಕೂತು ಲೆಕ್ಕ ಬರೆಯೋ ಪುಟ್ಟ ಯಂತ್ರವೇ ಡೇಟಾ ಲಾಗರ್. ಬೆಂಕಿಪೊಟ್ಟಣದಷ್ಟು ಚಿಕ್ಕದೂ ಇರುತ್ತೆ, ಟಿಫಿನ್ ಡಬ್ಬಿಯಷ್ಟು ದೊಡ್ಡದೂ ಇರುತ್ತೆ. ಒಳಗೆ ಒಂದು ಸೆನ್ಸರ್, ಒಂದು ಗಡಿಯಾರ, ಸ್ವಲ್ಪ ಮೆಮೊರಿ, ಒಂದು ಬ್ಯಾಟರಿ. ಇಷ್ಟು ನಿಮಿಷಕ್ಕೊಮ್ಮೆ ಅಳತೆ ತಗೋ ಅಂತ ಹೇಳಿಟ್ಟರೆ, ಹಗಲು ರಾತ್ರಿ ತಪ್ಪದೆ ತಗೊಂಡು, ಸಮಯದ ಜೊತೆ ಬರೆದಿಡುತ್ತೆ. ಥರ್ಮಾಮೀಟರ್ ಈಗ ಎಷ್ಟಿದೆ ಅಂತ ಮಾತ್ರ ಹೇಳುತ್ತೆ. ನೀವು ನೋಡದೇ ಇದ್ದ ಹೊತ್ತಲ್ಲಿ ಏನಾಯ್ತು ಅಂತ ಹೇಳೋದು ಲಾಗರ್. ಇವತ್ತಿನ ಸಂಚಿಕೆ ಪೂರ್ತಿ ಆ ನೋಡದೇ ಇದ್ದ ಹೊತ್ತಿನ ಬಗ್ಗೆ.

ಎರಡು ಸಲ ನೋಡಿದರೆ ಸಾಕಾ?

ಮೊದಲು ಲಸಿಕೆ ವಿಷಯಕ್ಕೆ ಬರೋಣ. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮ ದೊಡ್ಡದು. ವರ್ಷಕ್ಕೆ ಎರಡೂವರೆ ಕೋಟಿಗೂ ಹೆಚ್ಚು ಹಸುಗೂಸುಗಳಿಗೆ ಲಸಿಕೆ ಮುಟ್ಟಿಸುವುದು ಅದರ ಗುರಿ. ಕಾರ್ಖಾನೆಯಿಂದ ಹೊರಟ ಲಸಿಕೆ ರಾಜ್ಯದ ಉಗ್ರಾಣ, ಜಿಲ್ಲೆಯ ಉಗ್ರಾಣ ದಾಟಿ ಕೊನೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತೆ. ಅಲ್ಲಿಂದ ಲಸಿಕೆ ಪೆಟ್ಟಿಗೆಯಲ್ಲಿ ಅಂಗನವಾಡಿಗೆ ಹೋಗುತ್ತೆ. ಈ ದಾರಿಯುದ್ದಕ್ಕೂ ಅದನ್ನು ತಣ್ಣಗೆ ಕಾಯುವ ವ್ಯವಸ್ಥೆಗೆ ಕೋಲ್ಡ್ ಚೈನ್, ಅಂದ್ರೆ ಶೀತಲ ಸರಪಳಿ ಅಂತ ಹೆಸರು. ಸರಪಳಿಯ ಒಂದು ಕೊಂಡಿ ಕಳಚಿದರೂ ಹಿಂದಿನ ಶ್ರಮ ಎಲ್ಲ ನೀರಲ್ಲಿ ಹೋಮ.

ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ. ಅದಕ್ಕೆ ಬಳಸುವ ಫ್ರಿಜ್ ನಮ್ಮನೆಯದರಂತಲ್ಲ. ಅದಕ್ಕೆ ಐಎಲ್‌ಆರ್ ಅಂತಾರೆ, ಐಸ್ ಲೈನ್ಡ್ ರೆಫ್ರಿಜರೇಟರ್. ಗೋಡೆಯ ಒಳಸುತ್ತಿಗೆ ಮಂಜುಗಡ್ಡೆಯ ಪದರ ಇರುತ್ತೆ. ಹೀಗಾಗಿ ದಿನಕ್ಕೆ ಎಂಟು ಗಂಟೆ ಕರೆಂಟ್ ಇದ್ದರೂ ಉಳಿದ ಹೊತ್ತು ತಂಪು ಹಿಡಿದಿಟ್ಟುಕೊಳ್ಳುತ್ತೆ. ಬಾಗಿಲು ಇರೋದು ಮೇಲ್ಗಡೆ. ತಣ್ಣನೆ ಗಾಳಿ ಭಾರ ಅಲ್ವಾ, ಮುಚ್ಚಳ ತೆಗೆದಾಗಲೂ ಅದು ತಳದಲ್ಲೇ ಉಳಿಯುತ್ತೆ.

ಇದರೊಳಗೆ ಒಂದು ಥರ್ಮಾಮೀಟರ್. ಸಿಬ್ಬಂದಿ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ ಪುಸ್ತಕದಲ್ಲಿ ಬರೀತಾರೆ. ಬಹಳ ವರ್ಷಗಳ ಪದ್ಧತಿ, ಈಗಲೂ ಇದೆ, ಒಳ್ಳೆಯದೂ ಹೌದು. ದಿನಕ್ಕೆ ಎರಡು ಸಲವಾದರೂ ಒಬ್ಬರು ಫ್ರಿಜ್ ಮುಂದೆ ಬಂದು ನಿಲ್ಲಲೇಬೇಕು, ಮುಚ್ಚಳ ಸರಿ ಕೂತಿದೆಯಾ, ಒಳಗೆ ಹೇಗಿದೆ ಅಂತ ನೋಡಲೇಬೇಕು.

ಆದರೆ ಲೆಕ್ಕ ಹಾಕಿ. ಬೆಳಗ್ಗೆ 4 ಡಿಗ್ರಿ, ಸಂಜೆ 5 ಡಿಗ್ರಿ. ಪುಸ್ತಕ ನೋಡಿದವರಿಗೆ ಎಲ್ಲ ಸರಿಯಾಗಿದೆ. ರಾತ್ರಿ 2 ಗಂಟೆಗೆ? ಭಾನುವಾರ ಮಧ್ಯಾಹ್ನಕ್ಕೆ? ಪುಸ್ತಕದಲ್ಲಿ ಆ ಹೊತ್ತಿಗೆ ಸಾಲೇ ಇಲ್ಲ.

ಸೆಖೆ ಒಂದೇ ಶತ್ರು ಅಲ್ಲ

ಲಸಿಕೆ ಕೆಡೋದು ಬಿಸಿಲಿಗೆ, ಕರೆಂಟ್ ಹೋದಾಗ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅರ್ಧ ನಿಜ. ಪೋಲಿಯೊ ಹನಿಗೆ ಸೆಖೆ ಆಗಿಬರೋದಿಲ್ಲ. ಆದರೆ ಲಸಿಕೆಗಳ ಇನ್ನೊಂದು ಗುಂಪಿದೆ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಡಿಪಿಟಿ, ಟಿಡಿ ಇವೆಲ್ಲ ಅದಕ್ಕೆ ಸೇರಿದವು. ಇವು ಸ್ವಲ್ಪ ಸೆಖೆ ತಡೆದುಕೊಳ್ಳುತ್ತವೆ, ಹೆಪ್ಪುಗಟ್ಟಿದರೆ ಮಾತ್ರ ಕೆಟ್ಟೇ ಹೋಗುತ್ತವೆ.

ಯಾಕೆ? ಈ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣದ ಅತಿ ಸಣ್ಣ ಕಣಗಳಿರುತ್ತವೆ. ರೋಗದ ಗುರುತು ಹೇಳಿಕೊಡುವ ಅಂಶ ಆ ಕಣಗಳಿಗೆ ಅಂಟಿಕೊಂಡಿರುತ್ತೆ. ದ್ರವ ಹೆಪ್ಪುಗಟ್ಟಿದರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮತ್ತೆ ಕರಗಿಸಿದರೂ ಮೊದಲಿನ ಸ್ಥಿತಿಗೆ ಬರೋದಿಲ್ಲ. ಒಡೆದ ಹಾಲು ಮತ್ತೆ ಹಾಲಾಗುತ್ತಾ? ಹಾಗೇ ಇದು.

ಒಡೆದ ಹಾಲು ನೋಡಿದ ತಕ್ಷಣ ಗೊತ್ತಾಗುತ್ತೆ. ಹೆಪ್ಪುಗಟ್ಟಿ ಕರಗಿದ ಲಸಿಕೆ ಹಾಗಲ್ಲ, ಶೀಶೆಯಲ್ಲಿ ಬಹುಮಟ್ಟಿಗೆ ಮೊದಲಿನಂತೆಯೇ ಕಾಣಬಹುದು. ಮಗುವಿಗೆ ಸೂಜಿ ಚುಚ್ಚುತ್ತಾರೆ, ಮಗು ಅಳುತ್ತೆ, ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿಕೊಂಡು ಮನೆಗೆ ಹೋಗ್ತಾಳೆ. ಲೆಕ್ಕದಲ್ಲಿ ಲಸಿಕೆ ಆಯ್ತು. ಮೈಯೊಳಗೆ ರಕ್ಷಣೆ ಬಂದಿಲ್ಲದೆ ಇರಬಹುದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಇವುಗಳ ವಿಷಯ ಇದು, ಸಣ್ಣದಲ್ಲ.

ಶೀಶೆ ಮೇಲೆ ಒಂದು ಗುರುತು ಇರುತ್ತಲ್ಲ ಅಂತ ಕೆಲವರು ಕೇಳಬಹುದು. ಹೌದು, ವಿವಿಎಂ ಅಂತ ಇದೆ, ವ್ಯಾಕ್ಸಿನ್ ವಯಲ್ ಮಾನಿಟರ್. ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. 1996ರಲ್ಲಿ ಪೋಲಿಯೊ ಲಸಿಕೆಯಿಂದ ಇದರ ಬಳಕೆ ಶುರುವಾಯ್ತು. ಸೆಖೆ ತಾಗುತ್ತಾ ಹೋದಂತೆ ಚೌಕದ ಬಣ್ಣ ಗಾಢವಾಗುತ್ತೆ. ಸುತ್ತಲಿನ ವೃತ್ತದ ಬಣ್ಣಕ್ಕೆ ಸಮ ಆಯ್ತೋ, ಆ ಶೀಶೆ ಬಳಸುವಂತಿಲ್ಲ. ಜಾಣ ಉಪಾಯ. ಆದರೆ ಅದು ಲೆಕ್ಕ ಇಡೋದು ಸೆಖೆಯದ್ದು ಮಾತ್ರ. ಶೀಶೆ ಹೆಪ್ಪುಗಟ್ಟಿತ್ತು ಅನ್ನೋದನ್ನ ಅದು ಹೇಳೋದಿಲ್ಲ.

ಅನುಮಾನ ಬಂದಾಗ ಮಾಡುವ ಒಂದು ಪರೀಕ್ಷೆ ಇದೆ, ಶೇಕ್ ಟೆಸ್ಟ್. ಅದೇ ಕಂಪನಿಯ, ಅದೇ ಬ್ಯಾಚಿನ ಒಂದು ಶೀಶೆಯನ್ನ ಬೇಕಂತಲೇ ಹೆಪ್ಪುಗಟ್ಟಿಸಿ ಕರಗಿಸ್ತಾರೆ. ಅದನ್ನೂ ಅನುಮಾನದ ಶೀಶೆಯನ್ನೂ ಒಟ್ಟಿಗೆ ಅಲ್ಲಾಡಿಸಿ ಪಕ್ಕಪಕ್ಕ ಇಡ್ತಾರೆ. ಅರ್ಧ ಗಂಟೆ ನೋಡ್ತಾರೆ. ಕೆಟ್ಟದ್ದರಲ್ಲಿ ಗಷ್ಟು ಬೇಗ ತಳ ಸೇರುತ್ತೆ. ಅನುಮಾನದ ಶೀಶೆಯಲ್ಲೂ ಅಷ್ಟೇ ಬೇಗ, ಇಲ್ಲವೇ ಇನ್ನೂ ಬೇಗ ತಳ ಕಟ್ಟಿದರೆ ಅದೂ ಹೋಯ್ತು ಅಂತ ಅರ್ಥ. ಆದರೆ ಈ ಪರೀಕ್ಷೆ ಮಾಡಬೇಕಾದರೆ ಮೊದಲು ಅನುಮಾನ ಬರಬೇಕಲ್ಲ? ಬೆಳಗ್ಗೆ 4, ಸಂಜೆ 5 ಅಂತ ಬರೆದಿದ್ದರೆ ಅನುಮಾನ ಬರೋದು ಹೇಗೆ?

ಇದು ಎಲ್ಲೋ ಅಪರೂಪಕ್ಕೆ ಆಗೋ ಸಂಗತಿಯೂ ಅಲ್ಲ. 2007ರಲ್ಲಿ 'ವ್ಯಾಕ್ಸಿನ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ವಿಮರ್ಶೆ ಬಂತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಶೇ 14ರಿಂದ 35ರಷ್ಟು ಫ್ರಿಜ್‌ಗಳಲ್ಲಿ ಅಥವಾ ಸಾಗಣೆಗಳಲ್ಲಿ ಲಸಿಕೆಗೆ ಹೆಪ್ಪುಗಟ್ಟುವಷ್ಟು ಚಳಿ ತಾಗಿತ್ತು. ಕಾರಣಗಳು ಬಹಳ ಸಾದಾ. ಬೇಸಿಗೆಯಲ್ಲಿ ತಂಪು ಹೆಚ್ಚಿಸಲು ತಿರುಗಿಸಿದ ಗುಂಡಿಯನ್ನ ಚಳಿಗಾಲದಲ್ಲಿ ಯಾರೂ ಹಿಂದಕ್ಕೆ ತಿರುಗಿಸಿರೋದಿಲ್ಲ. ಶೀಶೆಗಳನ್ನ ಬುಟ್ಟಿಯಲ್ಲಿಡದೆ ಐಎಲ್‌ಆರ್‌ನ ತಳಕ್ಕೆ ಇಟ್ಟಿರ್ತಾರೆ, ಅತಿ ತಣ್ಣನೆ ಜಾಗ ಅದೇ. ಇಲ್ಲವೇ, ಡೀಪ್ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನ ಹಾಗೇ ಲಸಿಕೆ ಪೆಟ್ಟಿಗೆಗೆ ತುಂಬಿರ್ತಾರೆ. ಅದನ್ನ ಸ್ವಲ್ಪ ಹೊತ್ತು ಹೊರಗಿಟ್ಟು, ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆ ಪೆಟ್ಟಿಗೆಗೆ ಇಡಬೇಕು ಅನ್ನೋದು ನಿಯಮ.

ದಿನಕ್ಕೆ 144 ಸಾಲು

ಇಲ್ಲಿಗೆ ಲಾಗರ್ ಬಂತು. 2015ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇವಿನ್ ಎಂಬ ವ್ಯವಸ್ಥೆ ಶುರು ಮಾಡಿತು. ಎಲೆಕ್ಟ್ರಾನಿಕ್ ವ್ಯಾಕ್ಸಿನ್ ಇಂಟೆಲಿಜೆನ್ಸ್ ನೆಟ್‌ವರ್ಕ್ ಅನ್ನೋದರ ಚಿಕ್ಕ ಹೆಸರು ಇವಿನ್. ಜಾರಿಗೆ ತರುವಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿ ಕೈಜೋಡಿಸಿತು. ಇದರಲ್ಲಿ ಎರಡು ಭಾಗ. ಯಾವ ಲಸಿಕೆ ಎಷ್ಟು ದಾಸ್ತಾನಿದೆ ಅಂತ ಸಿಬ್ಬಂದಿ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸ್ತಾರೆ, ಅದು ಮೊದಲನೆಯದು. ಎರಡನೆಯದು ನಮ್ಮ ವಿಷಯ. ಫ್ರಿಜ್‌ಗೆ ಸಿಮ್ ಹಾಕಿದ ಲಾಗರ್ ಜೋಡಿಸಿರ್ತಾರೆ, ಸೆನ್ಸರ್ ಒಳಗೆ ಇರುತ್ತೆ. ಹತ್ತು ನಿಮಿಷಕ್ಕೊಮ್ಮೆ ಉಷ್ಣಾಂಶ ದಾಖಲಾಗುತ್ತೆ. ಗಂಟೆಗೊಮ್ಮೆ ಆ ಲೆಕ್ಕ ಮೊಬೈಲ್ ನೆಟ್‌ವರ್ಕ್ ಮೂಲಕ ಸರ್ವರ್ ಸೇರುತ್ತೆ. ಉಷ್ಣಾಂಶ ಮಿತಿ ದಾಟಿದರೆ ಲಾಗರ್ ಕೂಗುತ್ತೆ, ಜೊತೆಗೆ ಸಂಬಂಧಪಟ್ಟ ತಂತ್ರಜ್ಞರಿಗೂ ಅಧಿಕಾರಿಗಳಿಗೂ ಎಸ್‌ಎಂಎಸ್, ಇಮೇಲ್ ಹೋಗುತ್ತೆ.

ಹತ್ತು ನಿಮಿಷಕ್ಕೊಂದು ಅಂದ್ರೆ ಗಂಟೆಗೆ 6, ದಿನಕ್ಕೆ 144. ಪುಸ್ತಕದಲ್ಲಿ ಎರಡು ಸಾಲು ಇದ್ದ ಕಡೆ ಈಗ 144 ಸಾಲು. ವರ್ಷಕ್ಕೆ ಒಂದೇ ಫ್ರಿಜ್‌ನಿಂದ 52,560 ಸಾಲು. ಇಷ್ಟನ್ನ ಮನುಷ್ಯರು ಕೂತು ಓದೋಕಾಗಲ್ಲ. ಆದ್ದರಿಂದ ಸಾಫ್ಟ್‌ವೇರ್ ಬೇಕು. ಅದು ಎಲ್ಲ ಸಾಲನ್ನೂ ಒಂದು ಗೆರೆ ಮಾಡಿ ತೋರಿಸುತ್ತೆ. ಆ ಗೆರೆ ನೋಡಿದರೆ ಎರಡು ಗಂಟೆಗೆ ಕರೆಂಟ್ ಹೋಗಿದ್ದು, ನಾಲ್ಕಕ್ಕೆ ಬಂದಿದ್ದು, ಒಂಬತ್ತಕ್ಕೆ ಯಾರೋ ಮುಚ್ಚಳ ತೆಗೆದಿದ್ದು ಎಲ್ಲ ಕಾಣುತ್ತೆ.

ಒಳಗಿರೋ ಸೆನ್ಸರ್ ಕೆಲಸ ಮಾಡೋದು ಹೇಗೆ?

ಬಹುಪಾಲು ಲಾಗರ್‌ಗಳಲ್ಲಿ ಉಷ್ಣಾಂಶ ಅಳೆಯೋದು ಥರ್ಮಿಸ್ಟರ್ ಎಂಬ ಚಿಕ್ಕ ಬಿಡಿಭಾಗ, ಇಲ್ಲವೇ ಅದೇ ಕೆಲಸ ಮಾಡುವ ಒಂದು ಚಿಪ್. ಥರ್ಮಿಸ್ಟರ್ ಬಿಸಿಯಾದಂತೆ ವಿದ್ಯುತ್ತಿಗೆ ಅದು ಒಡ್ಡುವ ತಡೆ ಬದಲಾಗುತ್ತೆ. ಆ ತಡೆಯನ್ನ ಅಳೆದು ಡಿಗ್ರಿಗೆ ಬದಲಾಯಿಸ್ತಾರೆ. ತೇವಾಂಶದ ಸೆನ್ಸರ್‌ನಲ್ಲಿ ನೀರು ಹೀರುವ ಒಂದು ತೆಳು ಪ್ಲಾಸ್ಟಿಕ್ ಪದರ ಇರುತ್ತೆ. ಗಾಳಿಯಲ್ಲಿ ತೇವ ಹೆಚ್ಚಿದಂತೆ ಪದರ ಹೆಚ್ಚು ಹೀರುತ್ತೆ, ಆಗ ಅದು ವಿದ್ಯುತ್ತನ್ನ ಹಿಡಿದಿಡುವ ಪ್ರಮಾಣ ಬದಲಾಗುತ್ತೆ.

ಲಸಿಕೆ ಫ್ರಿಜ್‌ನಲ್ಲಿ ಒಂದು ಸಣ್ಣ ಜಾಣತನ ನೋಡಿ. ಸೆನ್ಸರನ್ನ ಬರೀ ಗಾಳಿಗೆ ಬಿಟ್ಟರೆ ಮುಚ್ಚಳ ತೆಗೆದ ಅರೆ ನಿಮಿಷಕ್ಕೇ ನಂಬರ್ ಏರುತ್ತೆ. ಆದರೆ ಶೀಶೆಯೊಳಗಿನ ದ್ರವ ಅಷ್ಟು ಬೇಗ ಬಿಸಿಯಾಗಲ್ಲ. ನಮಗೆ ಬೇಕಾದ್ದು ಗಾಳಿಯ ಲೆಕ್ಕ ಅಲ್ಲ, ದ್ರವದ ಲೆಕ್ಕ. ಅದಕ್ಕೆ ಹಲವು ಕಡೆ ಸೆನ್ಸರ್‌ನ ತುದಿಯನ್ನ ಗ್ಲೈಕಾಲ್ ತುಂಬಿದ ಪುಟ್ಟ ಬಾಟಲಿಯಲ್ಲಿ ಮುಳುಗಿಸಿಡ್ತಾರೆ. ಆಗ ಅದು ಲಸಿಕೆಯಷ್ಟೇ ನಿಧಾನವಾಗಿ ಬಿಸಿಯಾಗುತ್ತೆ, ಅಷ್ಟೇ ನಿಧಾನವಾಗಿ ತಣ್ಣಗಾಗುತ್ತೆ.

ಸರಾಸರಿಯನ್ನು ನಂಬಬೇಡಿ

ಈಗ ಗ್ರಾಫ್ ಓದೋದು ಹೇಗೆ ಅಂತ ನೋಡೋಣ. ಒಂದು ಲೆಕ್ಕ ಕೊಡ್ತೀನಿ. ಒಂದು ಫ್ರಿಜ್ ದಿನದ 20 ಗಂಟೆ 5 ಡಿಗ್ರಿಯಲ್ಲಿತ್ತು. ಉಳಿದ 4 ಗಂಟೆ ಸೊನ್ನೆಗಿಂತ 1 ಡಿಗ್ರಿ ಕೆಳಗೆ ಹೋಗಿತ್ತು. ದಿನದ ಸರಾಸರಿ ಎಷ್ಟು? 100ರಲ್ಲಿ 4 ಕಳೆದು 24ರಿಂದ ಭಾಗಿಸಿ. ಸರಿಯಾಗಿ 4 ಡಿಗ್ರಿ. ಇದಕ್ಕಿಂತ ಚೆಂದದ ನಂಬರ್ ಬೇಕಾ? ಆದರೆ ಆ ನಾಲ್ಕು ಗಂಟೆಯಲ್ಲಿ ಪೆಂಟಾವೇಲೆಂಟ್ ಹೆಪ್ಪುಗಟ್ಟಿರಬಹುದು. ವರದಿಯಲ್ಲಿ ಸರಾಸರಿ ಕಂಡ ತಕ್ಷಣ ನೆಮ್ಮದಿ ಆಗಬೇಡಿ. ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು, ಮಿತಿ ಆಚೆ ಎಷ್ಟು ಹೊತ್ತು ಇತ್ತು, ಈ ಮೂರನ್ನ ನೋಡಿ.

ಅಲಾರಂ ಇಡುವುದರಲ್ಲೂ ಇದೇ ಯೋಚನೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಮಾಡಿದ 30 ದಿನಗಳ ಲಾಗರ್‌ಗಳಲ್ಲಿ ಎರಡು ಅಲಾರಂ ಇರುತ್ತವೆ. ಉಷ್ಣಾಂಶ 8 ಡಿಗ್ರಿಗಿಂತ ಮೇಲೆ ಸತತ 10 ಗಂಟೆ ಇದ್ದರೆ ಒಂದು. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಅಥವಾ ಇನ್ನೂ ಕೆಳಗೆ ಸತತ 60 ನಿಮಿಷ ಇದ್ದರೆ ಇನ್ನೊಂದು. ಸೆಖೆಗೆ ಹತ್ತು ಗಂಟೆ ಸಮಯ, ಚಳಿಗೆ ಒಂದೇ ಗಂಟೆ! ಸೆಖೆ ಲಸಿಕೆಯನ್ನ ನಿಧಾನವಾಗಿ ಸವೆಸುತ್ತೆ, ಹೆಪ್ಪುಗಟ್ಟಿದರೆ ಒಂದೇ ಏಟಿಗೆ ಕೆಡುತ್ತೆ. ಆ ವ್ಯತ್ಯಾಸವನ್ನೇ ಅಲಾರಂನಲ್ಲಿ ಬರೆದಿದ್ದಾರೆ.

ಮಿತಿ ದಾಟಿದ ಮರುಕ್ಷಣವೇ ಕೂಗಿದರೆ ಇನ್ನೂ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಅಲ್ಲ. ಮುಚ್ಚಳ ತೆಗೆದಾಗೆಲ್ಲ ಅಲಾರಂ ಹೊಡೆದರೆ ಮೂರನೇ ದಿನಕ್ಕೆ ಜನ ಅದನ್ನ ಕೇಳಿಸಿಕೊಳ್ಳೋದೇ ಬಿಡ್ತಾರೆ. ನಾವು ವಾಟ್ಸ್ಆ್ಯಪ್ ಗ್ರೂಪನ್ನ ಮ್ಯೂಟ್ ಮಾಡಲ್ವಾ, ಹಾಗೆ. ತೋಳ ಬಂತು ತೋಳ ಕಥೆ ಇಲ್ಲೂ ಇದೆ.

ಇನ್ನೊಂದು ಮಾತು. ಗ್ರಾಫ್‌ನಲ್ಲಿ ಗೆರೆ ಮಧ್ಯೆ ತುಂಡಾಗಿದ್ದರೆ ಅದು ಕೂಡ ಒಂದು ಸುದ್ದಿ. ಬ್ಯಾಟರಿ ಮುಗಿದಿರಬಹುದು, ಸಿಮ್ ಕೈಕೊಟ್ಟಿರಬಹುದು, ಯಾರೋ ಪ್ಲಗ್ ಕಿತ್ತಿರಬಹುದು. ಡೇಟಾ ಇಲ್ಲ ಅಂದ್ರೆ ತೊಂದರೆ ಇಲ್ಲ ಅಂತ ಅರ್ಥ ಅಲ್ಲ. ಅಲಾರಂ ಬಾರದ ದಿನ ಎರಡು ರೀತಿ ಇರುತ್ತೆ: ಎಲ್ಲ ಸರಿಯಿದ್ದ ದಿನ, ಲಾಗರ್ ಸತ್ತಿದ್ದ ದಿನ. ಎರಡನ್ನೂ ಬೇರೆ ಬೇರೆ ಮಾಡಿ ತೋರಿಸದ ಸಾಫ್ಟ್‌ವೇರ್ ಇದ್ದೂ ಇಲ್ಲದ ಹಾಗೆ.

ಕೊನೆಯದಾಗಿ, ರಾತ್ರಿ ಮೆಸೇಜ್ ಬಂದರೆ ಫ್ರಿಜ್ ಹತ್ತಿರ ಹೋಗೋದು ಯಾರು? ಕೀಲಿ ಯಾರ ಹತ್ತಿರ? ಕೆಟ್ಟರೆ ಲಸಿಕೆಯನ್ನ ಯಾವ ಪೆಟ್ಟಿಗೆಗೆ, ಯಾವ ಕೇಂದ್ರಕ್ಕೆ ಸಾಗಿಸಬೇಕು? ಇದೆಲ್ಲ ಮೊದಲೇ ಬರೆದು ಗೋಡೆಗೆ ಅಂಟಿಸಿರಬೇಕು. ಮಿತಿ ದಾಟಿದ ಲಸಿಕೆಯನ್ನ ತಕ್ಷಣ ಎಸೆಯೋದೂ ಸರಿಯಲ್ಲ, ಏನೂ ಆಗದ ಹಾಗೆ ಬಳಸೋದೂ ಸರಿಯಲ್ಲ. ಅದನ್ನ ಬೇರೆ ಇಟ್ಟು, ಬಳಸಬೇಡಿ ಅಂತ ಚೀಟಿ ಹಚ್ಚಿ, ಮೇಲಿನವರಿಗೆ ತಿಳಿಸಿ, ಗ್ರಾಫ್ ನೋಡಿ ತೀರ್ಮಾನ ಮಾಡಬೇಕು. ಲಾಗರ್ ಇಲ್ಲದಿದ್ದರೆ ಈ ತೀರ್ಮಾನ ಬರೀ ಊಹೆ. ಊಹೆ ತಪ್ಪಿದರೆ ಒಳ್ಳೆ ಲಸಿಕೆ ಕಸಕ್ಕೆ ಹೋಗುತ್ತೆ, ಇಲ್ಲವೇ ಕೆಟ್ಟ ಲಸಿಕೆ ಮಗುವಿನ ಮೈಗೆ ಹೋಗುತ್ತೆ.

ತೇವಾಂಶದ ಆಟ: ಹುಳು ಮನೆಯಲ್ಲಿ

ಇಲ್ಲೀವರೆಗೆ ಉಷ್ಣಾಂಶದ ಮಾತಾಯ್ತು. ತೇವಾಂಶಕ್ಕೂ ಅಷ್ಟೇ ಬೆಲೆ ಇರುವ ಜಾಗ ನೋಡಬೇಕಂದ್ರೆ ಆರೋಗ್ಯ ಕೇಂದ್ರ ಬಿಟ್ಟು ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಹೋಗಬೇಕು. ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕ ದೇಶಕ್ಕೇ ಮುಂದು. ನಮ್ಮ ಕೇಳುಗರಲ್ಲಿ ಹುಳು ಮೇಯಿಸುವ ಮನೆಯ ಮಕ್ಕಳು ಖಂಡಿತ ಇರ್ತೀರಿ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಮೊಟ್ಟೆಯಿಂದ ಹೊರಬಂದ ಹುಳು ಗೂಡು ಕಟ್ಟೋ ಹೊತ್ತಿಗೆ ಹತ್ತಿರ ಹತ್ತಿರ ಒಂದು ತಿಂಗಳು. ಮಧ್ಯೆ ನಾಲ್ಕು ಸಲ ಪೊರೆ ಬಿಡುತ್ತೆ. ಅದಕ್ಕೆ ರೈತರು ಜ್ವರ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಎರಡನೇ ಜ್ವರದವರೆಗಿನ ಎಳೆ ಹುಳುವೇ ಚಾಕಿ. ಚಾಕಿಗೆ 27-28 ಡಿಗ್ರಿ ಉಷ್ಣಾಂಶ, ಶೇ 80ರಿಂದ 90 ತೇವಾಂಶ ಬೇಕು. ಗಾಳಿ ಒಣಗಿದರೆ ಎಳೆ ಸೊಪ್ಪು ಬಾಡುತ್ತೆ, ಹುಳು ತಿನ್ನೋದಿಲ್ಲ. ಬೆಳೆದ ಹುಳುವಿಗೆ 24-25 ಡಿಗ್ರಿ, ಶೇ 70-75 ಸಾಕು. ಹಣ್ಣಾದ ಹುಳುವನ್ನ ಚಂದ್ರಿಕೆಗೆ ಬಿಟ್ಟ ಮೇಲೆ ಇನ್ನೂ ಒಣಗಿರಬೇಕು, ಶೇ 60-65. ಆಗ ತೇವ ಹೆಚ್ಚಾದರೆ ಗೂಡಿನಿಂದ ನೂಲು ಸಲೀಸಾಗಿ ಬಿಚ್ಚಿಕೊಳ್ಳೋದಿಲ್ಲ. ಜ್ವರಕ್ಕೆ ಕೂತಾಗಲೂ ಹಾಸಿಗೆ ಒಣಗಿರಬೇಕು. ತೇವ ಹೆಚ್ಚಾಗಿ ಗಾಳಿ ಆಡದಿದ್ದರೆ ಸುಣ್ಣಕಟ್ಟು ರೋಗದ ಶಿಲೀಂಧ್ರಕ್ಕೆ ಹಬ್ಬ.

ಗಮನಿಸಿ, ಒಂದೇ ತಿಂಗಳಲ್ಲಿ ಗುರಿ ಮೂರು ಸಲ ಬದಲಾಯ್ತು. ಲಸಿಕೆ ಫ್ರಿಜ್‌ಗೆ 2ರಿಂದ 8 ಅಂತ ಒಂದು ಸಲ ಮಿತಿ ಹಾಕಿದರೆ ವರ್ಷವಿಡೀ ನಡೆಯುತ್ತೆ. ಹುಳು ಮನೆಯಲ್ಲಿ ಲಾಗರ್ ಇಟ್ಟು ಚಾಕಿಯ ಮಿತಿಯನ್ನೇ ಕೊನೆವರೆಗೂ ಬಿಟ್ಟರೆ, ಬೇಕಾದಾಗ ಸುಮ್ಮನಿರುತ್ತೆ, ಬೇಡದಾಗ ಕೂಗುತ್ತೆ. ಆ್ಯಪ್‌ನಲ್ಲಿ ಪ್ರತಿ ಹಂತಕ್ಕೂ ಮಿತಿ ತಿದ್ದಬೇಕು. ಇದನ್ನ ಹುಳು ಬಲ್ಲವರೇ ಮಾಡಬೇಕು, ಯಂತ್ರಕ್ಕೆ ಜ್ವರ ಗೊತ್ತಾಗಲ್ಲ.

ಇಲ್ಲಿ ಇನ್ನೊಂದು ಒಗಟು. ಚಳಿಗಾಲದ ರಾತ್ರಿ, ಚಾಕಿ ಕೋಣೆ 20 ಡಿಗ್ರಿಗೆ ಇಳಿದಿದೆ, ತೇವಾಂಶ ಶೇ 90. ಉಷ್ಣಾಂಶ ಸಾಲದು ಅಂತ ಹೀಟರ್ ಹಾಕಿ 27ಕ್ಕೆ ತಂದ್ರಿ. ತೇವಾಂಶ ಎಷ್ಟಾಗುತ್ತೆ? ನೀರು ಹೊರಗೆ ಹೋಗಿಲ್ಲ, ಆದ್ದರಿಂದ ಶೇ 90 ಹಾಗೇ ಇರುತ್ತೆ ಅನ್ನಿಸುತ್ತೆ. ಆದರೆ ಅದು ಶೇ 60ಕ್ಕೆ ಕುಸಿದಿರುತ್ತೆ.

ಯಾಕಂದ್ರೆ ಲಾಗರ್ ತೋರಿಸೋದು ಸಾಪೇಕ್ಷ ತೇವಾಂಶ. ಗಾಳಿ ಎಷ್ಟು ನೀರಾವಿ ಹಿಡಿಯಬಲ್ಲದೋ ಅದರಲ್ಲಿ ನೂರಕ್ಕೆ ಎಷ್ಟು ಪಾಲು ಈಗ ತುಂಬಿದೆ ಅನ್ನೋ ಲೆಕ್ಕ. ಬಿಸಿ ಗಾಳಿ ಹೆಚ್ಚು ಹಿಡಿಯುತ್ತೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿದರೆ, 27 ಡಿಗ್ರಿಯಲ್ಲಿ ಸುಮಾರು 26 ಗ್ರಾಂ ಹಿಡಿಯುತ್ತೆ. ನೀರು ಅಷ್ಟೇ, ಪಾತ್ರೆ ದೊಡ್ಡದಾಯ್ತು. ಚಂಬಿನ ತುಂಬ ಇದ್ದ ನೀರನ್ನ ಬಕೆಟ್‌ಗೆ ಸುರಿದರೆ ತಳದಲ್ಲಿ ಕಾಣೋದಿಲ್ವಾ, ಹಾಗೆ.

ಹೀಗಾಗಿ ಹೀಟರ್ ಹಾಕಿದ ಮನೆಯಲ್ಲಿ ಒದ್ದೆ ಗೋಣಿಚೀಲವನ್ನೂ ನೇತುಹಾಕಬೇಕು, ತಟ್ಟೆಯ ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಡಬೇಕು. ಹಿರಿಯರು ಇದನ್ನ ಅನುಭವದಿಂದ ಮಾಡ್ತಾ ಬಂದಿದ್ದಾರೆ. ಗೋಡೆಗೆ ನೇತುಹಾಕಿದ ಒಣ ಬಲ್ಬು, ಒದ್ದೆ ಬಲ್ಬಿನ ಥರ್ಮಾಮೀಟರ್ ನೋಡಿ ಲೆಕ್ಕ ಹಾಕುತ್ತಿದ್ದರು. ಲಾಗರ್ ಬಂದ ಮೇಲೆ ಸಿಕ್ಕಿದ ಹೊಸ ಅನುಕೂಲ ಏನಂದ್ರೆ, ಎರಡೂ ಗೆರೆಗಳನ್ನ ಒಂದೇ ಪರದೆಯಲ್ಲಿ ನೋಡಬಹುದು. ಉಷ್ಣಾಂಶದ ಗೆರೆ ಏರುವಾಗ ತೇವಾಂಶದ ಗೆರೆ ಇಳಿದರೆ ಅದು ಹೀಟರಿನ ಕೆಲಸ. ಎರಡೂ ಒಟ್ಟಿಗೆ ಏರಿದರೆ ಕೋಣೆಗೆ ಎಲ್ಲಿಂದಲೋ ಹೊಸದಾಗಿ ತೇವ ಬರ್ತಿದೆ, ಕಿಟಕಿ ತೆಗೆದು ಗಾಳಿ ಆಡಿಸಬೇಕು. ಒಂದೇ ಗೆರೆ ನೋಡಿದ್ದರೆ ಈ ವ್ಯತ್ಯಾಸ ತಿಳಿಯೋದಿಲ್ಲ.

ನೀವೇ ಒಂದು ಇಟ್ಟುಕೊಳ್ಳೋದಾದರೆ

ಈಗ ಬ್ಲೂಟೂತ್ ಇರುವ ಪುಟ್ಟ ಲಾಗರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಇನ್ಸುಲಿನ್ ಇದ್ದರೆ ಇದು ತಮಾಷೆಯ ವಸ್ತು ಅಲ್ಲ. ತೆರೆಯದ ಇನ್ಸುಲಿನ್ ಕೂಡ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆಪ್ಪುಗಟ್ಟಿದ್ದನ್ನ ಕರಗಿಸಿ ಬಳಸುವಂತಿಲ್ಲ. ಮನೆ ಫ್ರಿಜ್‌ನಲ್ಲಿ ಫ್ರೀಜರ್‌ಗೆ ತಾಗಿದ ಜಾಗ ಎಷ್ಟು ತಣ್ಣಗಾಗುತ್ತೆ ಅಂತ ಒಂದು ವಾರ ಲಾಗರ್ ಇಟ್ಟು ನೋಡಿದರೆ, ಇನ್ಸುಲಿನ್‌ಗೆ ಯಾವ ತಟ್ಟು ಸರಿ ಅಂತ ಗೊತ್ತಾಗುತ್ತೆ.

ಕೊಳ್ಳುವ ಮುಂಚೆ ನೋಡಬೇಕಾದ್ದು ನಾಲ್ಕು ಸಂಗತಿ.

ಒಂದು, ಲಾಗರ್‌ಗೆ ತನ್ನದೇ ಮೆಮೊರಿ ಇದೆಯಾ? ಕೆಲವು ಬರೀ ಫೋನ್ ಹತ್ತಿರ ಇದ್ದಾಗ ಮಾತ್ರ ನಂಬರ್ ಕಳಿಸುತ್ತವೆ. ನೀವು ಕೆಲಸಕ್ಕೆ ಹೋದ ಹೊತ್ತು ಖಾಲಿ. ಮತ್ತೆ ಅದೇ ಕಥೆ, ನೋಡದ ಹೊತ್ತಿಗೆ ಸಾಲಿಲ್ಲ.

ಎರಡು, ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು? ಹತ್ತು ಸೆಕೆಂಡಿಗೊಮ್ಮೆ ಅಂತ ಇಟ್ಟರೆ ಬ್ಯಾಟರಿ ಬೇಗ ಮುಗಿಯುತ್ತೆ, ಗಂಟೆಗೊಮ್ಮೆ ಅಂತ ಇಟ್ಟರೆ ನಡುವೆ ಆದದ್ದು ತಪ್ಪುತ್ತೆ. ಫ್ರಿಜ್‌ಗೂ ಕೋಣೆಗೂ ಐದರಿಂದ ಹತ್ತು ನಿಮಿಷ ಸಾಕು.

ಮೂರು, ಡೇಟಾ ನಿಮ್ಮ ಕೈಗೆ ಸಿಗುತ್ತಾ? ಪಿಡಿಎಫ್ ಅಥವಾ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳೋಕೆ ಬರಬೇಕು. ಕಂಪನಿ ಆ್ಯಪ್ ನಿಲ್ಲಿಸಿದ ದಿನ ನಿಮ್ಮ ವರ್ಷದ ಲೆಕ್ಕ ಅದರ ಜೊತೆ ಹೋಗಬಾರದು. ಲಾಗರ್‌ನ ಗಡಿಯಾರ ಸರಿ ಇದೆಯಾ ಅಂತಲೂ ನೋಡಿ. ಐದೂವರೆ ಗಂಟೆ ಹಿಂದೆ ಇದ್ದರೆ ಭಾರತದ ಸಮಯಕ್ಕೆ ಹೊಂದಿಸಿಲ್ಲ ಅಂತ ಅರ್ಥ. ಮಧ್ಯಾಹ್ನದ ಘಟನೆ ಬೆಳಗ್ಗೆ ಆದ ಹಾಗೆ ಕಾಣುತ್ತೆ.

ನಾಲ್ಕು, ಅದು ನಿಜ ಹೇಳ್ತಿದೆಯಾ? ಸೆನ್ಸರ್ ಹಳೆಯದಾದಂತೆ ಅಳತೆ ಸರಿಯುತ್ತೆ, ಅದರಲ್ಲೂ ತೇವಾಂಶದ್ದು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚಿಕ್ಕ ಬಟ್ಟಲಿಗೆ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗುವಷ್ಟು ನೀರು ಬೆರೆಸಿ. ಅದನ್ನೂ ಲಾಗರನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಕೋಣೆಯ ಉಷ್ಣಾಂಶದಲ್ಲಿ ಒಳಗಿನ ತೇವಾಂಶ ಶೇ 75ರ ಹತ್ತಿರ ನಿಲ್ಲುತ್ತೆ. ಲಾಗರ್ 68 ಅಂತ ತೋರಿಸಿದರೆ ಅದು ಏಳು ಕಡಿಮೆ ಹೇಳ್ತಿದೆ ಅಂತ ಗುರುತು ಹಾಕಿಕೊಳ್ಳಿ. ನೀರಿಗೆ ಇಳಿಸಬಹುದಾದ ತಂತಿ ಸೆನ್ಸರ್ ಇದ್ದರೆ, ಪುಡಿ ಮಾಡಿದ ಐಸ್ ಮತ್ತು ನೀರಿನ ಮಿಶ್ರಣದಲ್ಲಿ ಇಡಿ, ಸೊನ್ನೆ ಡಿಗ್ರಿ ತೋರಿಸಬೇಕು. ಆಸ್ಪತ್ರೆ, ಔಷಧ ಉಗ್ರಾಣಗಳಿಗೆ ಇಷ್ಟು ಸಾಲದು, ಅಲ್ಲಿ ಪ್ರಯೋಗಾಲಯದ ಕ್ಯಾಲಿಬ್ರೇಷನ್ ಪ್ರಮಾಣಪತ್ರವೇ ಬೇಕು.

ಇಷ್ಟಾದರೂ ಲಾಗರ್ ಯಾವುದನ್ನೂ ತಣ್ಣಗೆ ಮಾಡಲ್ಲ, ಬಿಸಿ ಮಾಡಲ್ಲ. ಫ್ರಿಜ್ ರಿಪೇರಿ ಮಾಡಲ್ಲ, ಗೋಣಿಚೀಲ ಒದ್ದೆ ಮಾಡಲ್ಲ. ಏನಾಯ್ತು, ಯಾವಾಗ ಆಯ್ತು, ಎಷ್ಟು ಹೊತ್ತು ಆಯ್ತು ಅಂತ ಹೇಳೋದಷ್ಟೇ ಅದರ ಕೆಲಸ. ಮುಂದಿನದನ್ನ ಮಾಡಬೇಕಾದವರು ನಾವೇ. ಮುಂದಿನ ಸಲ ಮನೆಯ ಮಗುವನ್ನ ಲಸಿಕೆಗೆ ಕರ್ಕೊಂಡು ಹೋದಾಗ, ಸಿಬ್ಬಂದಿಗೆ ಬಿಡುವಿದ್ದರೆ, ಫ್ರಿಜ್ ಪಕ್ಕದ ಆ ಪುಟ್ಟ ಪೆಟ್ಟಿಗೆ ಏನು ಅಂತ ಕೇಳಿ ನೋಡಿ. ಶೀಶೆ ಮೇಲಿನ ಚೌಕ ತೋರಿಸಿ ಅಂತಲೂ ಕೇಳಿ. ಕೇಳೋದರಲ್ಲಿ ತಪ್ಪೇನಿಲ್ಲ.

ಇವತ್ತಿಗೆ ಇಷ್ಟು. ಹುಳು ಮನೆಯಲ್ಲೋ, ಅಣಬೆ ಕೋಣೆಯಲ್ಲೋ, ಔಷಧಿ ಅಂಗಡಿಯಲ್ಲೋ ನೀವು ಲಾಗರ್ ಬಳಸ್ತಿದ್ದರೆ ಅನುಭವ ಬರೆದು ಕಳಿಸಿ. ಈ ಸಂಚಿಕೆ ಇಷ್ಟ ಆದರೆ, ಮನೆಯಲ್ಲಿ ಇನ್ಸುಲಿನ್ ಇಟ್ಟುಕೊಂಡಿರುವ ಒಬ್ಬ ಗೆಳೆಯರಿಗೆ ಫಾರ್ವರ್ಡ್ ಮಾಡಿ. ಮತ್ತೆ ಸಿಗೋಣ, ನಮಸ್ಕಾರ.